ಸೊಂಟ ಹಿಡಿದು ಕಾಲಿಗೆ ಎಳೆಯುತ್ತಿದೆ: ಮೊದಲು ಎಂಆರ್‌ಐ ಮಾಡಿಸಲಾ, ಫಿಸಿಯೋ ಹತ್ತಿರ ಹೋಗಲಾ?

ಕೌಲ್‌ಬಜಾರ್ ಹೊಲಿಗೆ:

ಎಲ್ಲರಿಗೂ ನಮಸ್ಕಾರ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸ ನನ್ನದು. ವಯಸ್ಸು 34. ಪೀಸ್ ಲೆಕ್ಕ, ಕೂತಷ್ಟು ಕಾಸು. ಕಳೆದ ವಾರ ಕಟಿಂಗ್ ಬಂಡಲ್ ಎತ್ತುವಾಗ ಸೊಂಟದಲ್ಲಿ ಚಳಕ್ ಅಂದಿತು. ಅವತ್ತು ಸಂಜೆಯಿಂದಲೇ ಬಲಗಡೆ ಪಿರ್ರೆಯಿಂದ ಮೀನಖಂಡದ ತನಕ ಎಳೆತ ಶುರುವಾಯಿತು. ಕೂತರೆ ಜಾಸ್ತಿ, ನಡೆದರೆ ಸ್ವಲ್ಪ ಹಗುರ. ಓಣಿಯ ಡಾಕ್ಟರ್ ಸೂಜಿ ಹಾಕಿ ಮಾತ್ರೆ ಕೊಟ್ಟರು. ಮಾತ್ರೆ ತಗೊಂಡಾಗ ಆರಾಮ, ಬಿಟ್ಟರೆ ಮತ್ತೆ ಅದೇ.

ಈಗ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಭಾವ ಎಂಆರ್‌ಐ ಮಾಡಿಸಿಬಿಡು, ‘ಗ್ಯಾಪ್’ ಬಂದಿದ್ದರೆ ಗೊತ್ತಾಗುತ್ತದೆ ಅಂತಾರೆ. ಸ್ಕ್ಯಾನಿಂಗ್‌ಗೆ ಸಾವಿರಗಟ್ಟಲೆ ಹೋಗುತ್ತದೆ. ಅತ್ತೆ ಊರಲ್ಲಿ ನರ ಎಳೆಯುವವರ ಹತ್ತಿರ ಹೋಗೋಣ ಅಂತಾರೆ. ಪಕ್ಕದ ಮಷಿನ್‌ನವನು ಬೆಲ್ಟ್ ಕಟ್ಟಿಕೋ ಅಂತಾನೆ. ಫಿಸಿಯೋ ಅಂದರೆ ಆಪರೇಷನ್ ಆದ ಮೇಲೆ, ಇಲ್ಲ ಪಾರ್ಶ್ವವಾಯು ಹೊಡೆದ ಮೇಲೆ ಹೋಗೋದು ಅಂದುಕೊಂಡಿದ್ದೆ. ನೋವು ಶುರುವಾದಾಗಲೇ ಹೋಗಬಹುದಾ? ಹೋದರೆ ಏನು ಮಾಡುತ್ತಾರೆ?

ಇನ್ನೊಂದು ವಿಷಯ. ಅಮ್ಮ ಸಿರುಗುಪ್ಪ ಕಡೆ ಹಳ್ಳಿಯಲ್ಲಿದ್ದಾರೆ, ವಯಸ್ಸು 58. ಚಿಕ್ಕ ವಯಸ್ಸಿನಿಂದ ಭತ್ತದ ನಾಟಿ, ಮೆಣಸಿನಕಾಯಿ ಬಿಡಿಸೋದು, ಎಲ್ಲ ಬಗ್ಗಿದ ಕೆಲಸವೇ. ಮಂಡಿ ಎರಡೂ ನೋವು. ಎಕ್ಸ್‌ರೇ ನೋಡಿ ‘ಸವೆದಿದೆ, ಮಂಡಿಗೆ ಸೂಜಿ ಹಾಕೋಣ, ಆಮೇಲೆ ಬೇಕಾದರೆ ಚಿಪ್ಪು ಬದಲಾಯಿಸೋಣ’ ಅಂದಿದ್ದಾರೆ. ಅವರಿಗೂ ಫಿಸಿಯೋದಿಂದ ಏನಾದರೂ ಆಗುತ್ತದಾ?

ಕೊಪ್ಪಳದ ಫಿಸಿಯೋ:

ಮೊದಲು ಇದಕ್ಕೆ ಉತ್ತರ ಕೊಡಿ, ಉಳಿದಿದ್ದು ಆಮೇಲೆ. ಮೂತ್ರ, ಮಲ ಸರಿಯಾಗಿ ಹೋಗುತ್ತಿದೆಯಾ? ಒಳತೊಡೆಯಲ್ಲಿ, ಕೂರುವ ಜಾಗದಲ್ಲಿ ಜೋಮು ಹಿಡಿದಂತೆ ಇದೆಯಾ? ನಡೆಯುವಾಗ ಪಾದ ನೆಲಕ್ಕೆ ಪಟ್ ಅಂತ ಬಡಿಯುತ್ತದೆಯಾ, ಚಪ್ಪಲಿ ಗೊತ್ತಿಲ್ಲದೆ ಕಳಚಿ ಹೋಗುತ್ತದೆಯಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಫಿಸಿಯೋ ಮಾತು ಬಿಡಿ, ಇವತ್ತೇ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ವಿಮ್ಸ್‌ನ ತುರ್ತು ವಿಭಾಗಕ್ಕೆ ಹೋಗಿ. (ಅದರ ಹೆಸರು ಬದಲಾಗಿದೆ, ಆದರೆ ಆಟೋದವರಿಗೆ ವಿಮ್ಸ್ ಅಂದರೇ ಗೊತ್ತಾಗೋದು.) ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು, ಬಿದ್ದು ಪೆಟ್ಟಾಗಿರೋದು, ಹಿಂದೆ ಕ್ಯಾನ್ಸರ್ ಅಥವಾ ಟಿಬಿ ಇದ್ದದ್ದು, ಇವು ಇದ್ದರೂ ಮೊದಲು ಡಾಕ್ಟರೇ ನೋಡಬೇಕು.

ಇವ್ಯಾವೂ ಇಲ್ಲ ಅಂದರೆ, ಹೌದು, ಈಗಲೇ ಹೋಗಬಹುದು. ಈಗ ಹೋಗೋದೇ ಒಳ್ಳೆಯದು. ನಮ್ಮ ಕಡೆ ಜನ ಬರುವ ದಾರಿ ಉಲ್ಟಾ. ಮೊದಲು ಸೂಜಿ, ಆಮೇಲೆ ಎಣ್ಣೆ ತಿಕ್ಕಿಸೋದು, ಆಮೇಲೆ ಬೆಲ್ಟ್, ಆಮೇಲೆ ಸ್ಕ್ಯಾನಿಂಗ್, ಎಲ್ಲ ಮುಗಿದು ದುಡ್ಡೂ ಖಾಲಿಯಾದ ಮೇಲೆ ‘ಫಿಸಿಯೋ ಒಂದು ನೋಡೋಣ’ ಅಂತ ಬರುತ್ತಾರೆ. ಅಷ್ಟು ಹೊತ್ತಿಗೆ ಮನುಷ್ಯ ಬಗ್ಗೋಕೇ ಹೆದರುತ್ತಿರುತ್ತಾನೆ. ಸೊಂಟದ ಸ್ನಾಯು, ತೊಡೆಯ ಸ್ನಾಯು ಸೊರಗಿರುತ್ತವೆ. ಮೊದಲಿನ ನೋವಿಗಿಂತ ಈ ಹೆದರಿಕೆ ಬಿಡಿಸೋದೇ ದೊಡ್ಡ ಕೆಲಸ ಆಗಿಬಿಡುತ್ತದೆ.

ಎಂಆರ್‌ಐ ಬಗ್ಗೆ. ನೋವೇ ಇಲ್ಲದವರ ಬೆನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ 2015ರಲ್ಲಿ ಒಂದು ಲೆಕ್ಕ ಬಂತು. 30 ವಯಸ್ಸಿನ ಆರೋಗ್ಯವಂತರಲ್ಲಿ 100ಕ್ಕೆ 40 ಜನರ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿತ್ತು. 50ರವರಲ್ಲಿ 60 ಜನರದು. ಡಿಸ್ಕ್ ಸವಕಳಿ ಅಂತ ನೋಡಿದರೆ 50ರವರಲ್ಲಿ 100ಕ್ಕೆ 80. ಇವರಿಗೆ ಯಾರಿಗೂ ನೋವಿರಲಿಲ್ಲ. ಅಂದರೆ ನೀವು ಇವತ್ತು ಸ್ಕ್ಯಾನ್ ಮಾಡಿಸಿದರೆ ಎಲ್-4 ಎಲ್-5 (ಸೊಂಟದ ಕೆಳಗಿನ ಎರಡು ಮೂಳೆ) ಹತ್ತಿರ ಏನಾದರೂ ಬರೆದು ಕೊಡುವ ಸಂಭವವೇ ಜಾಸ್ತಿ, ಆದರೆ ನಿಮ್ಮ ನೋವು ಅದರಿಂದಲೇ ಬಂದಿದೆ ಅಂತ ಆ ಕಾಗದ ಹೇಳುವುದಿಲ್ಲ, ಆ ಕಾಗದ ನೋಡಿ ನೀವು ಮಲಗಿಬಿಡುವುದು ಮಾತ್ರ ಗ್ಯಾರಂಟಿ. ಕಾಲಿನ ಬಲ ಕಡಿಮೆಯಾದರೆ, ವಾರಗಟ್ಟಲೆ ವ್ಯಾಯಾಮ ಮಾಡಿದರೂ ಕಾಲಿನ ಎಳೆತ ಇಳಿಯದಿದ್ದರೆ, ಆಪರೇಷನ್ ಯೋಚನೆ ಬಂದರೆ, ಆಗ ಎಂಆರ್‌ಐ ಬೇಕೇ ಬೇಕು.

ಹೋದರೆ ಏನು ಮಾಡುತ್ತಾರೆ ಅಂದಿರಿ. ಸರಿಯಾದವರಾದರೆ ಮೊದಲು ಮಷಿನ್ ಮುಟ್ಟುವುದಿಲ್ಲ, ನಿಮ್ಮನ್ನು ಮುಟ್ಟುತ್ತಾರೆ. ಹಿಮ್ಮಡಿ ಮೇಲೆ ನಡೆಸುತ್ತಾರೆ, ತುದಿಗಾಲಲ್ಲಿ ನಡೆಸುತ್ತಾರೆ. ಕಾಲಿನ ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಅಂದು ತಮ್ಮ ಹೆಬ್ಬೆರಳಿಂದ ಒತ್ತಿ ಹಿಡಿದು ಎರಡೂ ಕಾಲಿನ ಬಲ ಒಂದೇ ತರ ಇದೆಯಾ ನೋಡುತ್ತಾರೆ. ಮಲಗಿಸಿ ಕಾಲು ನೇರವಾಗಿ ಎತ್ತುತ್ತಾರೆ, ಎಷ್ಟು ಎತ್ತರಕ್ಕೆ ಎಳೆತ ಬರುತ್ತದೆ ಅಂತ. ಆಮೇಲೆ ಹೊಟ್ಟೆ ಮೇಲೆ ಮಲಗಿಸಿ, ಕೈ ಊರಿ ಎದೆ ಎತ್ತಿಸಬಹುದು, ಭುಜಂಗಾಸನ ಇದ್ದ ಹಾಗೆ. ಹಾಗೆ ಮಾಡಿದಾಗ ಮೀನಖಂಡದ ನೋವು ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹಿಂದೆ ಸರಿದರೆ ಒಳ್ಳೆಯ ಲಕ್ಷಣ. ಸೊಂಟದಲ್ಲಿ ಸ್ವಲ್ಪ ಜಾಸ್ತಿ ಅನಿಸಿದರೂ ಪರವಾಗಿಲ್ಲ. ಉಲ್ಟಾ ಕಾಲಿನ ಕಡೆಗೆ ಇಳಿದರೆ ಆ ವ್ಯಾಯಾಮ ನಿಮಗಲ್ಲ. ಅದಕ್ಕೇ ಮೊಬೈಲ್‌ನಲ್ಲಿ ವಿಡಿಯೋ ನೋಡಿ ಮಾಡಬೇಡಿ ಅನ್ನೋದು.

ಹಾಸಿಗೆ ಹಿಡಿಯಬೇಡಿ. ಒಂದೆರಡು ದಿನ ಕೆಲಸ ಕಡಿಮೆ ಮಾಡಿ, ಸರಿ. ವಾರ ಮಲಗಿದರೆ ನಷ್ಟ. ನಡೆದರೆ ಹಗುರ ಅಂತ ನೀವೇ ಬರೆದಿದ್ದೀರಲ್ಲ, ಹಾಗಾದರೆ ನಡೆಯಿರಿ.

ಸಿಂಧನೂರು ಸೋನಾಮಸೂರಿ:

ಸರ್, ಹೇಳೋಕೆ ಚೆನ್ನಾಗಿದೆ. ನಮ್ಮಪ್ಪನಿಗೆ ಹೀಗೇ ಆದಾಗ ಒಂದು ಕಡೆ ಕರಕೊಂಡು ಹೋದೆವು, ಹೆಸರು ಬೇಡ. ಪ್ಯಾಕೇಜ್ ಅಂತ ದುಡ್ಡು ಮೊದಲೇ ತಗೊಂಡರು. ದಿನಾ ಹೋಗೋದು, ಮಲಗೋದು, ನೋವಿನ ಜಾಗಕ್ಕೆ ಮಷಿನ್‌ನಿಂದ ಕರೆಂಟ್ ಇಡಿಸ್ಕೊಳ್ಳೋದು, ಎದ್ದು ಬರೋದು. ಇಡುವ ಹುಡುಗ ಬೇರೆ, ಬೋರ್ಡಿನ ಮೇಲಿನ ಹೆಸರಿನವರು ಬೇರೆ. ಅವರ ಮುಖವನ್ನೇ ನಾವು ನೋಡಲಿಲ್ಲ. ಪ್ಯಾಕೇಜ್ ಮುಗಿಯಿತು, ನೋವು ಮುಗಿಯಲಿಲ್ಲ. ಅದಕ್ಕೇ ಇಲ್ಲಿ ಯಾರಾದರೂ ಫಿಸಿಯೋ ಅಂದರೆ ನನಗೆ ಸಿಟ್ಟೇ ಬರುತ್ತದೆ. ಊರಿಂದ ಸಿಂಧನೂರಿಗೆ ದಿನಾ ಬಸ್ಸಲ್ಲಿ ಕುಲುಕಾಡಿಸಿಕೊಂಡು ಹೋಗಿ ಬರೋದರಲ್ಲೇ ಇನ್ನಷ್ಟು ಸೊಂಟ ಹೋಯಿತು.

ಕೊಪ್ಪಳದ ಫಿಸಿಯೋ:

ನಿಮ್ಮ ಸಿಟ್ಟು ನ್ಯಾಯವೇ. ನಮ್ಮ ವೃತ್ತಿಯಲ್ಲಿ ಇರೋ ದೊಡ್ಡ ರೋಗ ಇದು, ಮುಚ್ಚಿಟ್ಟು ಪ್ರಯೋಜನ ಇಲ್ಲ. ಕರೆಂಟ್ ಇಟ್ಟಾಗ ಹಾಯ್ ಅನಿಸುತ್ತದೆ, ಬಸ್ ಹತ್ತುವಷ್ಟರಲ್ಲಿ ಹೋಗುತ್ತದೆ. ಯಾವ ಚಿಕಿತ್ಸೆ ಕೊಡಬೇಕು ಅಂತ ಹೇಳುವ ಬ್ರಿಟನ್‌ನ ನೈಸ್ ಸಂಸ್ಥೆ 2016ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಸೊಂಟ ನೋವಿಗೆ ಕರೆಂಟ್, ಅಲ್ಟ್ರಾಸೌಂಡ್, ಎಳೆಯುವ ಟ್ರ್ಯಾಕ್ಷನ್, ಬೆಲ್ಟ್ ಇವು ಬೇಡ ಅಂತ ನೇರವಾಗಿಯೇ ಬರೆದಿದೆ. ವ್ಯಾಯಾಮ ಬೇಕು ಅಂದಿದೆ. ಕೈಯಿಂದ ಮಾಡುವ ಚಿಕಿತ್ಸೆಯೂ ವ್ಯಾಯಾಮದ ಜೊತೆಗೆ ಇರಲಿ, ಅದೊಂದೇ ಬೇಡ ಅಂದಿದೆ.

ಹಾಗಾಗಿ ಹೋಗುವಾಗ ಇಷ್ಟು ಕೇಳಿ: ಏನು ಓದಿದ್ದೀರಿ? ಬಿಪಿಟಿ ಅಂದರೆ ಫಿಸಿಯೋಥೆರಪಿ ಪದವಿ, ನಾಲ್ಕು ವರ್ಷ ಓದು, ಮೇಲೆ ಇಂಟರ್ನ್‌ಶಿಪ್ ಮಾಡಿದವರು. ಮಸಾಜ್ ಕಲಿತವರಲ್ಲ. ನನ್ನ ನೋವಿಗೆ ಏನು ಕಾರಣ ಅನಿಸುತ್ತದೆ? ಮನೆಯಲ್ಲಿ ನಾನು ಏನು ಮಾಡಬೇಕು? ಎಷ್ಟು ವಾರದಲ್ಲಿ ಗುಣ ಕಾಣಬೇಕು, ಕಾಣದಿದ್ದರೆ ಯಾರ ಹತ್ತಿರ ಕಳಿಸುತ್ತೀರಿ? ಕೊನೆಯ ಪ್ರಶ್ನೆಗೆ ಉತ್ತರ ಇಲ್ಲದವರ ಹತ್ತಿರ ಪ್ಯಾಕೇಜ್ ತಗೋಬೇಡಿ. ದಿನಾ ಬರಲೇಬೇಕು ಅಂತೇನೂ ಇಲ್ಲ. ವಾರಕ್ಕೊಮ್ಮೆ ಬಂದು, ಮಾಡಿ ತೋರಿಸಿ, ತಿದ್ದಿಸಿಕೊಂಡು ಹೋದರೆ ಬಹಳ ಜನಕ್ಕೆ ಸಾಕು.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ, ಬರೀ ಹೊಗಳಿದೆ ಅನಿಸಬಾರದು. ಸುಮ್ನೆ ಸೊಂಟ ಹಿಡಿದಿದ್ದು, ಕಾಲಿಗೆ ಎಳೆತ ಇಲ್ಲ ಅಂದರೆ, ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಅಮೆರಿಕದ ಯೂಟಾದಲ್ಲಿ ಇಂಥವರಿಗೆ ಬೇಗ ಫಿಸಿಯೋ ಕೊಟ್ಟು ನೋಡಿದ್ದಾರೆ, 2015ರಲ್ಲಿ ಪ್ರಕಟವಾಯಿತು. ಮೂರು ತಿಂಗಳಲ್ಲಿ ಸ್ವಲ್ಪ ಲಾಭ ಕಂಡಿತು, ವರ್ಷದ ಹೊತ್ತಿಗೆ ಬೇಗ ಫಿಸಿಯೋ ಕೊಟ್ಟವರೂ ಕೊಡದವರೂ ಒಂದೇ ತರ. ಅದೇ ಕಡೆಯವರು ಕಾಲಿಗೆ ಎಳೆತ ಇರುವವರ ಮೇಲೆ ಮಾಡಿದ ಅಧ್ಯಯನ 2020ರ ಕೊನೆಗೆ ಬಂತು. ಅದರಲ್ಲಿ ಬೇಗ ಕಳಿಸಿದವರು ವರ್ಷ ಕಳೆದ ಮೇಲೂ ಉಳಿದವರಿಗಿಂತ ಚೆನ್ನಾಗಿದ್ದರು. ಕೌಲ್‌ಬಜಾರ್ ಅವರದು ಎರಡನೆಯ ತರದ್ದು. ಅದಕ್ಕೇ ಕಾಯಬೇಡಿ ಅಂದೆ.

ಗಂಗಾವತಿ ಮಿಲ್ ಗೇಟ್:

ನಮ್ಮಪ್ಪ ರೈಸ್ ಮಿಲ್‌ನಲ್ಲಿ ಹಮಾಲಿ. 75 ಕೆಜಿ ಚೀಲ, ಹೆಗಲ ಮೇಲೆ ಹಾಕಿಕೊಂಡು ಹಲಗೆ ಹತ್ತಿ ಲಾರಿಗೆ ಏರಿಸೋದು. ಡಿಸ್ಕ್ ಹೊರಗೆ ಬಂದು ಪಾದವೇ ಎತ್ತೋಕೆ ಆಗುತ್ತಿರಲಿಲ್ಲ. ಆಪರೇಷನ್ ಮಾಡಿಸಿದೆವು, ಮಾಡಿಸಲೇಬೇಕಿತ್ತು, ಚೆನ್ನಾಗಿ ಆಯಿತು. ‘ಬೆನ್ನಿಗೆ ಕತ್ತಿ ತಾಗಿಸಿದರೆ ಎದ್ದೇಳಲ್ಲ’ ಅನ್ನುವವರ ಮಾತು ಕೇಳಿ ಕೂತಿದ್ದರೆ ಪಾದ ಹಾಗೇ ಉಳಿಯುತ್ತಿತ್ತು. ಆಮೇಲೆ ನೋಡಿದರೆ ಫಿಸಿಯೋ ಹೇಳಿಕೊಟ್ಟಿದ್ದು ಎಲ್ಲ ಸಣ್ಣ ಸಣ್ಣ ಕೆಲಸ. ಹೇಗೆ ಪಕ್ಕಕ್ಕೆ ಹೊರಳಿ ಮಂಚದಿಂದ ಏಳೋದು, ಚೀಲವನ್ನು ಮೈಗೆ ಹತ್ತಿರ ಹಿಡಿಯೋದು, ಎತ್ತಿದ ಮೇಲೆ ಸೊಂಟ ತಿರುಗಿಸದೆ ಕಾಲು ತಿರುಗಿಸೋದು. ಇದನ್ನೇ ಯಾರಾದರೂ ಇಪ್ಪತ್ತು ವರ್ಷ ಮೊದಲು ಮಿಲ್ ಗೇಟ್‌ನಲ್ಲಿ ನಿಂತು ಹೇಳಿದ್ದರೆ ಅಂತ ಅಪ್ಪ ಈಗಲೂ ಬೈಯುತ್ತಾರೆ. ಯಾರನ್ನು ಬೈಯುತ್ತಾರೋ ಗೊತ್ತಿಲ್ಲ. ಹಾಗಂತ 75 ಕೆಜಿ ಚೀಲವನ್ನು ಹೇಗೆ ಎತ್ತಿದರೂ ಅದು 75 ಕೆಜಿಯೇ ಅಲ್ವಾ.

ಅಮ್ಮನ ಮಂಡಿ ವಿಷಯಕ್ಕೆ ಒಂದು ಮಾತು. ಅಂಜನಾದ್ರಿಯ 575 ಮೆಟ್ಟಿಲು ಹತ್ತಿದವರನ್ನು ಕೇಳಿ, ಹತ್ತುವಾಗ ಏದುಸಿರು, ಇಳಿಯುವಾಗ ಮಂಡಿ. ನಮ್ಮ ದೊಡ್ಡಮ್ಮ ಪ್ರತಿ ಸಲ ಇಳಿದು ಬಂದ ಮೇಲೆ ಹನುಮಪ್ಪನ ಮೇಲೆ ಹಾಕುತ್ತಾರೆ.

ಕೊಪ್ಪಳದ ಫಿಸಿಯೋ:

ಹನುಮಪ್ಪನ ತಪ್ಪಿಲ್ಲ. ಇಳಿಯುವಾಗ ಮೈಭಾರವನ್ನು ತೊಡೆಯ ಮುಂದಿನ ಸ್ನಾಯು ತಡೆದು ಹಿಡಿಯಬೇಕು. ಅದು ಸೊರಗಿದ್ದರೆ ಎಲ್ಲ ಮಂಡಿಗೆ ಬೀಳುತ್ತದೆ.

ಅಮ್ಮನ ವಿಷಯಕ್ಕೆ ಇದೇ ಉತ್ತರ. ಸವೆದ ಮೃದ್ವಸ್ಥಿ (ಕೀಲಿನಲ್ಲಿ ಮೂಳೆ ತುದಿಯ ನುಣುಪು ಹೊದಿಕೆ) ವ್ಯಾಯಾಮದಿಂದ ಮತ್ತೆ ಬೆಳೆಯುವುದಿಲ್ಲ, ಹಾಗೆ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ನೋವು ಇಳಿಯುತ್ತದೆ, ನಡಿಗೆ ಸುಧಾರಿಸುತ್ತದೆ. ಮಂಡಿಗೆ ಸ್ಟೆರಾಯ್ಡ್ ಸೂಜಿ ಒಂದು ಕಡೆ, ಫಿಸಿಯೋ ಒಂದು ಕಡೆ ಇಟ್ಟು ಅಮೆರಿಕದ ಸೇನಾ ಆಸ್ಪತ್ರೆಗಳಲ್ಲಿ 156 ಜನರ ಮೇಲೆ ನೋಡಿದ್ದು 2020ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ನೋವು, ಬಿಗಿತ, ಓಡಾಟ ಎಲ್ಲ ಸೇರಿಸಿ ಅಂಕ ಹಾಕಿದರು, ಕಡಿಮೆ ಅಂಕ ಬಂದಷ್ಟು ಒಳ್ಳೆಯದು. ಫಿಸಿಯೋ ಗುಂಪಿಗೆ ಸರಾಸರಿ 37, ಸೂಜಿ ಗುಂಪಿಗೆ 55.8. ಸೂಜಿ ಕೆಟ್ಟದ್ದು ಅಂತಲ್ಲ. ಆ ಗುಂಪಿನವರಿಗೂ ಕಡಿಮೆಯಾಗಿತ್ತು, ಇಷ್ಟು ಆಗಲಿಲ್ಲ.

ಮನೆಯಲ್ಲಿ ಶುರು ಮಾಡೋಕೆ: ಕಾಲು ಚಾಚಿ ಕೂತು ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಒತ್ತಿ ಐದು ಎಣಿಸುವ ತನಕ ಹಿಡಿಯೋದು. ಆಮೇಲೆ ಕುರ್ಚಿಯಿಂದ ಕೈ ಊರದೆ ಏಳೋದು, ನಿಧಾನಕ್ಕೆ ಕೂರೋದು. ಕುರ್ಚಿ ತಗ್ಗಾದರೆ ಮೇಲೆ ಕೌದಿ ಮಡಚಿ ಹಾಕಿ. ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ, ಮಾರನೇ ದಿನಕ್ಕೂ ಜಾಸ್ತಿಯೇ ಇದ್ದರೆ ಅರ್ಧಕ್ಕೆ ಇಳಿಸಿ. ತೂಕ ಜಾಸ್ತಿ ಇದ್ದರೆ ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮಂಡಿ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆ. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಇದ್ದರೆ ಮೇಲೆ ಇಡುವ ಕುರ್ಚಿ ಸಿಗುತ್ತದೆ, ತಂದುಕೊಡಿ. ನಾಟಿ ಬಿಡಿ ಅಂದರೆ ಅವರು ಬಿಡುವುದಿಲ್ಲ ಅಂತ ಗೊತ್ತು. ಸಾಲು ಮುಗಿದಾಗ ಬದುವಿನ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು ಹಿಂದಕ್ಕೆ ಬಾಗಿ ಅನ್ನಿ, ಅಷ್ಟು ಮಾಡುತ್ತಾರೆ.

ಮತ್ತೆ, ಅವರು ದಿನಾ ನೋವಿನ ಮಾತ್ರೆ ತಗೊಳ್ಳುತ್ತಿದ್ದಾರಾ? ಬಿಪಿ, ಸಕ್ಕರೆ ಇರುವವರು ಡೈಕ್ಲೋಫೆನಾಕ್ ತರದ್ದನ್ನು ತಿಂಗಳುಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು. ಹೆಸರಿಲ್ಲದ ಪುಡಿ ಕೊಡುವವರ ಹತ್ತಿರವಂತೂ ಹೋಗಲೇಬೇಡಿ, ಅದರಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು.

ದೇವದುರ್ಗ ಮೇಷ್ಟ್ರು:

ಎಲ್ಲ ಸರಿ, ಆದರೆ ನಮ್ಮ ಜಿಲ್ಲೆಗಳಲ್ಲಿ ನೀರಿನ ವಿಷಯ ಬಿಟ್ಟು ಕೀಲುನೋವಿನ ಮಾತು ಮುಗಿಸೋಕೆ ಆಗುವುದಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿ ಮೂರರಲ್ಲೂ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಿವೆ. ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ನನ್ನ ತರಗತಿಯಲ್ಲಿ ಮಕ್ಕಳು ನಕ್ಕರೆ ಯಾವ ಓಣಿಯ ನೀರು ಕುಡಿಯುತ್ತಾರೆ ಅಂತ ಹಲ್ಲಿನ ಕಂದು ಕಲೆ ನೋಡಿ ಹೇಳಬಹುದು. ಅದೇ ನೀರನ್ನು ವರ್ಷಾನುಗಟ್ಟಲೆ ಕುಡಿದ ದೊಡ್ಡವರಿಗೆ ಬೆನ್ನು ಕಟ್ಟಿಗೆ ಆಗುತ್ತದೆ, ಗದ್ದ ಎದೆಗೆ ತಾಗಿಸೋಕೆ ಬರುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಓಣಿಯಲ್ಲಿ ಹತ್ತಾರು ಜನಕ್ಕೆ ಹೀಗಿದ್ದರೆ ಫ್ಲೋರೋಸಿಸ್ ಅನುಮಾನ ಪಡಬೇಕು. ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ. ನೀರು ಬದಲಾಗದೆ ಬರೀ ವ್ಯಾಯಾಮ ಮಾಡಿ ಏನು ಪ್ರಯೋಜನ?

ಕುರಿ ಕಾಯುವ ಮನೆಯವರಿಗೆ ಇನ್ನೊಂದು. ಸಂಜೆ ಸಂಜೆ ಜ್ವರ, ಬೆವರು, ಜೊತೆಗೆ ಸೊಂಟ ಅಥವಾ ಕೀಲುನೋವು ಇದ್ದರೆ ಬ್ರೂಸೆಲ್ಲಾ ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ. ಇದು ಪ್ರಾಣಿಗಳಿಂದ ಬರುವ ಸೋಂಕು, ಕುರಿ ಈಯಿಸುವಾಗ, ಕಾಯಿಸದ ಹಾಲು ಕುಡಿದಾಗ ಬರುತ್ತದೆ. ಅದಕ್ಕೆ ಮಾತ್ರೆ ಇದೆ, ಫಿಸಿಯೋ ಅಲ್ಲ.

ಕೊಪ್ಪಳದ ಫಿಸಿಯೋ:

ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಮೊದಲು ಬರೆಯಬೇಕಿತ್ತು. ಫ್ಲೋರೋಸಿಸ್ ಇದ್ದವರಿಗೂ ಕೀಲು ಇನ್ನಷ್ಟು ಬಿಗಿಯದ ಹಾಗೆ ವ್ಯಾಯಾಮ ಬೇಕು, ಆದರೆ ಮೊದಲ ಔಷಧಿ ನೀರೇ. ಜೊತೆಗೆ ಒಂದು ಸೇರಿಸುತ್ತೇನೆ. ಬೆಳಗ್ಗೆ ಎದ್ದ ಮೇಲೆ ಗಂಟೆಗಟ್ಟಲೆ ಕೈಬೆರಳು ಬಿಗಿ, ಗೆಣ್ಣು ಊದಿಕೊಂಡಿರೋದು ಇದ್ದರೆ ಅದು ಸವಕಳಿ ಅಲ್ಲದೆ ವಾತದ ಕಾಯಿಲೆ ಇರಬಹುದು. ಹುಡುಗರಿಗೆ ರಾತ್ರಿ ಮಲಗಿದಾಗ ಬೆನ್ನು ನೋವು ಜಾಸ್ತಿಯಾಗಿ, ಎದ್ದು ಓಡಾಡಿದರೆ ಕಡಿಮೆ, ತಿಂಗಳುಗಟ್ಟಲೆ ಹೀಗೇ ಅಂದರೂ ಡಾಕ್ಟರ್‌ಗೆ ತೋರಿಸಿ.

ಕೌಲ್‌ಬಜಾರ್ ಹೊಲಿಗೆ:

ಎಲ್ಲರಿಗೂ ಥ್ಯಾಂಕ್ಸ್. ಮೂತ್ರ, ಜೋಮು ಏನೂ ತೊಂದರೆ ಇಲ್ಲ. ಹಿಮ್ಮಡಿ ಮೇಲೆ ನಡೆದು ನೋಡಿದೆ, ಬರುತ್ತದೆ. ಜ್ವರ ಇಲ್ಲ. ಎಂಆರ್‌ಐ ಸದ್ಯಕ್ಕೆ ಬಿಟ್ಟೆ. ಆದರೆ ಮಷಿನ್ ಮೇಲೆ ಕೂರದೆ ನಡೆಯುವುದಿಲ್ಲ, ರಜೆ ಹಾಕಿದರೆ ಪೀಸೂ ಇಲ್ಲ ಪೈಸೆಯೂ ಇಲ್ಲ. ಹೇಗೆ ಕೂರಲಿ? ಖಾಸಗಿಯವರ ಫೀಸ್ ಕೊಡೋಕೆ ಆಗದಿದ್ದರೆ ಎಲ್ಲಿಗೆ ಹೋಗಲಿ?

ಕೊಪ್ಪಳದ ಫಿಸಿಯೋ:

ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ. ಬಳ್ಳಾರಿಯಲ್ಲಿ ವಿಮ್ಸ್, ರಾಯಚೂರಲ್ಲಿ ರಿಮ್ಸ್, ನಮ್ಮ ಕೊಪ್ಪಳದಲ್ಲಿ ಕಿಮ್ಸ್. ಮೂಳೆ ವಿಭಾಗದ ಹೊರರೋಗಿ ಚೀಟಿ ಮಾಡಿಸಿ ಫಿಸಿಯೋಗೆ ಬರೆದುಕೊಡಿ ಅಂತ ನೀವೇ ಬಾಯಿಬಿಟ್ಟು ಕೇಳಿ, ಅಲ್ಲಿನ ಗದ್ದಲದಲ್ಲಿ ಅವರಿಗೆ ನೆನಪಾಗದೆ ಇರಬಹುದು. ಸೋಮವಾರ ಬೇಡ, ಜಾತ್ರೆ ತರ ಜನ ಇರುತ್ತಾರೆ.

ಕೂರುವ ವಿಷಯ. ಬೆನ್ನಿಲ್ಲದ ಸ್ಟೂಲ್ ಆದರೆ ಬೆನ್ನಿರುವ ಕುರ್ಚಿ ಕೇಳಿ, ಸೊಂಟದ ಹಿಂದೆ ಜೀನ್ಸ್ ತುಂಡು ಸುತ್ತಿ ಇಟ್ಟುಕೊಳ್ಳಿ. ಪೆಡಲ್ ದೂರ ಇದ್ದರೆ ನೀವು ಗೊತ್ತಿಲ್ಲದೆ ಮುಂದಕ್ಕೆ ಜಾರಿ ಗೂನು ಬೀಳುತ್ತೀರಿ, ಕುರ್ಚಿಯನ್ನೇ ಮುಂದೆ ಎಳೆದುಕೊಳ್ಳಿ. ಕಣ್ಣು ಸೂಜಿ ಹತ್ತಿರ ಹೋಗುತ್ತಿದ್ದರೆ ಬೆಳಕು ಕಡಿಮೆ ಅಂತ ಅರ್ಥ, ದೀಪ ಹಾಕಿಸಿ. ದಾರದ ಉಂಡೆ ಬದಲಾಯಿಸುವಾಗೆಲ್ಲ ಎದ್ದು ನಿಂತು ಬದಲಾಯಿಸಿ. ಬಂಡಲ್ ಬಿಚ್ಚಿ ಅರ್ಧ ಅರ್ಧ ಎತ್ತಿ. ಕುರ್ಚಿ ಚೆನ್ನಾಗಿದೆ ಅಂತ ತಾಸುಗಟ್ಟಲೆ ಅಲ್ಲಾಡದೆ ಕೂತರೆ ಅದರಿಂದಲೂ ಉಪಯೋಗ ಇಲ್ಲ.

ಊರಲ್ಲಿ ನರ ಎಳೆಯುವವರ ಹತ್ತಿರ ಈಗ ಬೇಡ. ಕಾಲಿಗೆ ಎಳೆತ ಇರುವಾಗ ಸೊಂಟವನ್ನು ಜಗ್ಗಿ ತಿರುಗಿಸಿದರೆ ಅಪಾಯ. ಅತ್ತೆಗೆ ಬೇಜಾರಾಗದ ಹಾಗೆ ಹೇಳೋದು ನಿಮ್ಮ ಜವಾಬ್ದಾರಿ.

ಹೋಗುವಾಗ ಹಳೆಯ ಚೀಟಿ, ನುಂಗಿದ ಮಾತ್ರೆಯ ಖಾಲಿ ಪಟ್ಟಿ ಇದ್ದರೆ ತಗೊಂಡು ಹೋಗಿ, ಸೂಜಿಯಲ್ಲಿ ಏನಿತ್ತು ಅಂತ ಆ ಓಣಿಯ ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ. ಲುಂಗಿ ಇಲ್ಲವೇ ಸಡಿಲ ಪ್ಯಾಂಟ್ ಹಾಕಿಕೊಂಡು ಹೋಗಿ. ಬಿಗಿ ಪ್ಯಾಂಟಲ್ಲಿ ಕಾಲು ಎತ್ತಿ ನೋಡೋಕೆ ಆಗುವುದಿಲ್ಲ.

ಸಿಂಧನೂರು ಸೋನಾಮಸೂರಿ:

ಸರ್, ಕೊಪ್ಪಳದಲ್ಲಿ ನಿಮ್ಮ ಕ್ಲಿನಿಕ್ ಎಲ್ಲಿ ಬರುತ್ತದೆ? ಅಪ್ಪನನ್ನು ಒಂದು ಸಲ ಕರಕೊಂಡು ಬರುತ್ತೇನೆ. ಕರೆಂಟ್ ಇಡಬಾರದು ಅಷ್ಟೇ.

ಕೊಪ್ಪಳದ ಫಿಸಿಯೋ:

ನನ್ನ ಹತ್ತಿರವೇ ಬರಬೇಕು ಅಂತೇನಿಲ್ಲ. ನಿಮಗೆ ರಾಯಚೂರಿನ ರಿಮ್ಸ್ ಇದೆ. ಅಲ್ಲಿ ಮೊದಲು ತೋರಿಸಿ, ಅಪ್ಪನಿಗೆ ಯಾವ ಯಾವ ವ್ಯಾಯಾಮ ಹೇಳಿದರು ಅಂತ ಇಲ್ಲೇ ಬರೆಯಿರಿ, ಮುಂದೆ ನೋಡೋಣ.